ದೋಣಿಯ ಟ್ಯಾಂಕಿಗೂ ಒಂದು ಕಾನೂನು ಬೇಡವೇ?



ಅಡಿಗೆಮನೆಯಲ್ಲಿ ಗ್ಯಾಸು ಸೋರಿದರೆ ಅದು ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ ಎಂಬುದು ಹೋಟೆಲಿನಲ್ಲಿ ಒಂದು ವರ್ಷ ದುಡಿದ ಹುಡುಗನಿಗೂ ಗೊತ್ತು. ಪೆಟ್ರೋಲಿನ ಆವಿಯದೂ ಅದೇ ಗುಣ. ಗಾಳಿಗಿಂತ ಭಾರ. ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂಡುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಅದರ ಪಕ್ಕದಲ್ಲಿ ದಿನವಿಡೀ ಕುಳಿತು ಮೋಟಾರು ನೋಡಿಕೊಳ್ಳುವವನು ನಮ್ಮಂಥ ಒಬ್ಬ ಕೂಲಿಕಾರ.

ಕೊಚ್ಚಿಯ ಮರೈನ್ ಡ್ರೈವಿನಲ್ಲಿ, ತಿರುವನಂತಪುರದ ಕಡೆ ವೇಳಿಯಲ್ಲಿ, ಪೂವಾರಿನಲ್ಲಿ ಯಾತ್ರಿಕರನ್ನು ಸುತ್ತಾಡಿಸುವ ದೋಣಿಗಳುಂಟು. ಆ ಎರಡೂ ಪಟ್ಟಣಗಳ ಹೋಟೆಲುಗಳಲ್ಲಿ ನಮ್ಮ ಕಡೆಯವರೂ ದುಡಿಯುತ್ತಾರೆ, ಆದ್ದರಿಂದ ಇದು ಪರದೇಶದ ಸುದ್ದಿಯಲ್ಲ. ಡೀಸೆಲು ಆವಿಯಾಗುವುದು ಬಹಳ ಕಡಮೆ, ಅದನ್ನು ಬಿಡೋಣ. ನಮ್ಮ ಮಾತು ಪೆಟ್ರೋಲಿನ ಸ್ಪೀಡ್ ಬೋಟು ಮತ್ತು ಹಿಂಬದಿಗೆ ಮೋಟಾರು ಕಟ್ಟಿದ ಸಣ್ಣ ದೋಣಿಗಳದು.

ಎಂಜಿನು ನಿಂತಿದ್ದರೂ ಟ್ಯಾಂಕು ಉಸಿರಾಡುತ್ತಿರುತ್ತದೆ. ಹಗಲು ಬಿಸಿಲೇರಿದಾಗ ಆವಿಯನ್ನು ಹೊರಗೆ ತಳ್ಳುತ್ತದೆ, ರಾತ್ರಿ ತಣಿದಾಗ ಗಾಳಿಯನ್ನು ಒಳಗೆ ಎಳೆಯುತ್ತದೆ. ಸಾಲದ್ದಕ್ಕೆ ಪ್ಲಾಸ್ಟಿಕ್ ಟ್ಯಾಂಕಿನ ಗೋಡೆಯಿಂದಲೂ ರಬ್ಬರು ಕೊಳವೆಯ ಮೈಯಿಂದಲೂ, ಒಂದು ತೂತೂ ಇಲ್ಲದೆ, ಪೆಟ್ರೋಲು ಬೆವರಿದ ಹಾಗೆ ಹೊರಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ಗೊತ್ತಾಗುತ್ತದೆ, ಕೆಲವು ದಿನ ಕಳೆದ ಮೇಲೆ ಮೂಗೂ ಸುಮ್ಮನಾಗುತ್ತದೆ.

ಅಮೆರಿಕದವರು 2008ರಲ್ಲಿ ವಿಹಾರದ ದೋಣಿಗಳ ಈ ಆವಿಗೇ ನಿಯಮ ಮಾಡಿದರು. ಕೊಳವೆಯ ಒಂದು ಚದರ ಮೀಟರ್ ಮೈಯಿಂದ ದಿನಕ್ಕೆ 15 ಗ್ರಾಮಿಗಿಂತ ಹೆಚ್ಚು ಹೊರಬರಕೂಡದು. ಟ್ಯಾಂಕಿನ ಗೋಡೆಯಿಂದ 1.5 ಗ್ರಾಮು. ಎತ್ತಿ ಒಯ್ಯುವ ಟ್ಯಾಂಕು, ಕೊಳವೆ ಕಳಚಿದ ಕೂಡಲೆ ತಾನಾಗಿ ಮುಚ್ಚಿಕೊಳ್ಳಬೇಕು. ಹಳೆಯ ದೋಣಿಯನ್ನು ಅವರು ಮುಟ್ಟಲಿಲ್ಲ, ಹೊಸದಾಗಿ ಮಾಡುವವನ ಕೈ ಹಿಡಿದರು. ಆದರೆ ಅವರ ಚಿಂತೆ ಪಟ್ಟಣದ ಮೇಲಿನ ಹೊಗೆಮಂಜಿನದು. ಟ್ಯಾಂಕಿನ ಪಕ್ಕ ಕುಳಿತವನದಲ್ಲ.

ಅದನ್ನು ಹಾಗೆಯೇ ತಂದು ಇಲ್ಲಿ ಅಂಟಿಸಿದರೂ ಸಾಲದು. ಅವರು ಕೊಳವೆಯನ್ನು ಪರೀಕ್ಷಿಸುವುದು 23 ಡಿಗ್ರಿ ಶಾಖದಲ್ಲಿ. ಕೊಚ್ಚಿಯಲ್ಲಿ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಸಾಮಾನ್ಯ. ಶಾಖ ಹತ್ತು ಡಿಗ್ರಿ ಏರಿದರೆ ಈ ಬೆವರು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಅಲ್ಲಿ ಪಾಸಾದ ಕೊಳವೆ ಇಲ್ಲಿ ಎರಡು ಪಾಲು ಬಿಡುತ್ತದೆ ಎಂದಾಯಿತು. ನಮ್ಮ ಬಿಸಿಲಿಗೆ ನಮ್ಮದೇ ಅಳತೆ ಬೇಕು.

ನಮ್ಮ ದೇಶಕ್ಕೆ ಈ ವಿದ್ಯೆ ತಿಳಿಯದೆಂದಲ್ಲ. 2017ರ ಏಪ್ರಿಲಿನಿಂದ ಹೊಸ ಸ್ಕೂಟರಿಗೂ ಆವಿಯ ಮಿತಿ ಬಂತು. ಟ್ಯಾಂಕಿನ ಆವಿಯನ್ನು ಇದ್ದಲಿನ ಡಬ್ಬಿ ಹಿಡಿದಿಟ್ಟು ಎಂಜಿನಿಗೇ ತಿನ್ನಿಸುತ್ತದೆ. ಆದರೆ ಅದು ಮೋಟಾರು ವಾಹನದ ನಿಯಮ. ದೋಣಿ ರಸ್ತೆಯಲ್ಲಿ ಓಡುವುದಿಲ್ಲ, ಆದ್ದರಿಂದ ಆ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಅದೇ ಪೆಟ್ರೋಲು, ಅದೇ ಬಂಕು! 2021ರ ಒಳನಾಡು ಜಲನೌಕೆಗಳ ಕಾಯ್ದೆಯಲ್ಲಿ ಮಾಲಿನ್ಯ ತಡೆಯುವುದಕ್ಕೆ ಒಂದು ಅಧ್ಯಾಯವಿದೆ. ಆವಿಯ ಲೆಕ್ಕವನ್ನು ಅಲ್ಲಿ ಸೇರಿಸುವುದಕ್ಕೆ ಏನಡ್ಡಿ? 2023ರ ಮೇ 7ರಂದು ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು, ಆಗ ಎಲ್ಲರೂ ತಲೆ ಎಣಿಸತೊಡಗಿದರು. ಆವಿ ಹಾಗೆ ಒಂದೇ ಸಂಜೆ ಕೊಲ್ಲುವುದಿಲ್ಲವಲ್ಲ, ಅದಕ್ಕೇ ಯಾರೂ ಎಣಿಸುವುದಿಲ್ಲ.

ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಅದು ರಕ್ತದ ಕ್ಯಾನ್ಸರು ತರುವ ವಸ್ತು. ಮಿಲ್ಲಿನ ಗೆಳೆಯರಿಗೆ ಇದು ಬೇಗ ಅರ್ಥವಾದೀತು. ಹತ್ತಿಯ ಧೂಳು ಎದೆ ಹಿಡಿದಾಗ ಬೀಡಿ ಸೇದಿದ್ದಕ್ಕೆ ಎಂದು ಕೈ ತೊಳೆದುಕೊಂಡ ಒಡೆಯರನ್ನು ನಾವು ಕಂಡಿದ್ದೇವೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹತ್ತಿಧೂಳಿನ ರೋಗವೂ ಬೆಂಜೀನಿನ ರೋಗವೂ ಮುಂದೆ ಸೇರಿದವು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕೇ? ಹಾಜರಿ ಪುಸ್ತಕವೇ ಇಲ್ಲದ ದಿನಗೂಲಿಯವನು ಹತ್ತು ವರ್ಷ ಆವಿ ಕುಡಿದೆನೆಂದು ಯಾವ ಕಾಗದ ತೋರಿಸಿಯಾನು?

ಬಡ ಬೆಸ್ತರ ಹೊಟ್ಟೆಯ ಮೇಲೆ ಹೊಡೆಯುವ ನಿಯಮ ಎಂದು ಕೆಲವರು ಕೂಗುವರು. ವಿಳಿಂಜಂನ ಬೆಸ್ತನ ದೋಣಿ ಬೇರೆ, ಅರ್ಧ ಗಂಟೆಯ ಸವಾರಿಗೆ ಹಣ ಎಣಿಸುವ ವಿಹಾರದ ದೋಣಿ ಬೇರೆ. ಬೆಸ್ತನ ಹೆಸರು ಹೇಳಿ ವಿಹಾರದ ಮಾಲೀಕ ತಪ್ಪಿಸಿಕೊಳ್ಳಬಾರದು. ಇನ್ನು ಕೆಲವರು ಕೊಚ್ಚಿಯ ವಾಟರ್ ಮೆಟ್ರೋ ತೋರಿಸುತ್ತಾರೆ. 2023ರಲ್ಲಿ ಆರಂಭವಾದ ಆ ದೋಣಿಗಳು ಬ್ಯಾಟರಿಯಿಂದ ಓಡುತ್ತವೆ, ಸಂತೋಷ. ಅವು ದಿನದ ಪ್ರಯಾಣಿಕರ ದೋಣಿಗಳು. ಸ್ಪೀಡ್ ಬೋಟೆಲ್ಲ ಬ್ಯಾಟರಿಗೆ ಬರುವತನಕ ನಮ್ಮವನು ಉಸಿರು ಬಿಗಿಹಿಡಿದು ಕೂರಬೇಕೇ?

ಕೇರಳ ಸರಕಾರವನ್ನೂ ಕೇಂದ್ರವನ್ನೂ ನಾವು ಕೇಳುವುದು ಇಷ್ಟು. ಹೊಸ ವಿಹಾರದ ದೋಣಿಗೆ ಆವಿ ಬಿಡದ ಟ್ಯಾಂಕು, ಕೊಳವೆ ಕಡ್ಡಾಯವಾಗಲಿ. ಹಳೆಯದಕ್ಕೆ ತಪಾಸಣೆಯ ಹೊತ್ತಿನಲ್ಲಿ ಕೊಳವೆ, ಮುಚ್ಚಳ ಬದಲಾಗಲಿ, ಖರ್ಚು ಮಾಲೀಕನದು. ದೋಣಿ ನಿಂತ ದಿನದ ಕೂಲಿಯೂ ಮಾಲೀಕನದೇ. ಎತ್ತುವ ಟ್ಯಾಂಕನ್ನು ದಡಕ್ಕೆ ತಂದು ತುಂಬಿಸಲಿ, ಜನ ಕುಳಿತ ದೋಣಿಯಲ್ಲಿ ಬೇಡ. ದೋಣಿಯವನ ಹೆಸರು ಹಾಜರಿ ಪುಸ್ತಕದಲ್ಲಿರಲಿ, ವರ್ಷಕ್ಕೊಮ್ಮೆ ಅವನ ರಕ್ತಪರೀಕ್ಷೆ ಆಗಲಿ, ಆ ಚೀಟಿಯ ಒಂದು ಪ್ರತಿ ಅವನ ಕೈಗೇ ಸಿಗಲಿ.