ತಮ್ಮ ಕಚೇರಿಗೆ ತಾವೇ ಬೀಗ ಹಾಕಿಸಿದ ಮೇಷ್ಟರು

ಮೇಷ್ಟರೊಬ್ಬರು ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಎಷ್ಟು ವರ್ಷ ದುಡಿದರೆಂದು ಎಲ್ಲರೂ ಹೇಳುತ್ತಾರೆ. ಅವರ ಪಾಠ ಶಾಲೆಯ ಗೋಡೆಯಾಚೆ ಏನು ಮಾಡಿತೆಂದು ಹೇಳುವವರು ಕಡಿಮೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1989ರಲ್ಲಿ ನಿವೃತ್ತರಾದ ಆಲ್ಫ್ರೆಡ್ ಕಾನ್ ಅವರ ವಿಷಯದಲ್ಲಿ ಹೇಳಬೇಕಾದದ್ದು ಈ ಎರಡನೆಯದನ್ನೇ.

1947ರಲ್ಲಿ ಅಲ್ಲಿ ಸೇರಿದ ಈ ಅರ್ಥಶಾಸ್ತ್ರಜ್ಞರ ಪ್ರಶ್ನೆ ಇದು: ವಿದ್ಯುತ್, ದೂರವಾಣಿ, ಸಾರಿಗೆಯಂಥ ಉದ್ಯಮಗಳ ಮೇಲೆ ಸರ್ಕಾರದ ಹಿಡಿತ ಎಷ್ಟಿರಬೇಕು? ಇದರ ಬಗ್ಗೆ 1970 ಮತ್ತು 1971ರಲ್ಲಿ ಎರಡು ಸಂಪುಟಗಳ ಗ್ರಂಥವನ್ನೇ ಬರೆದರು. ಬರೆದದ್ದನ್ನು ಪ್ರಯೋಗ ಮಾಡಿ ನೋಡುವ ಅವಕಾಶ ಅರ್ಥಶಾಸ್ತ್ರಜ್ಞರಿಗೆ ಸಿಗುವುದು ಅಪರೂಪ. ಕಾನ್ ಅವರಿಗೆ ಸಿಕ್ಕಿತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ನಾಗರಿಕ ವಿಮಾನಯಾನ ಮಂಡಳಿಯ ಮುಖ್ಯಸ್ಥರನ್ನಾಗಿ ನೇಮಿಸಿದರು.

ಯಾವ ಸಂಸ್ಥೆಯ ವಿಮಾನ ಯಾವ ಊರಿಗೆ ಹಾರಬೇಕು, ಟಿಕೆಟ್ಟಿಗೆ ಎಷ್ಟು ದರ ಎಂಬುದೆಲ್ಲ ಆ ಮಂಡಳಿಯ ಅಪ್ಪಣೆಯಂತೆ. ದರದಲ್ಲಿ ಪೈಪೋಟಿಯೇ ಇಲ್ಲ. ಎಷ್ಟೋ ಸೀಟುಗಳು ಖಾಲಿಯಾಗಿಯೇ ಹಾರುತ್ತಿದ್ದವು. ಕಾನ್ ಅವರ ಲೆಕ್ಕ ನಮ್ಮ ಬಸ್ ಕಂಡಕ್ಟರಿಗೂ ಗೊತ್ತಿರುವಂಥದು. ಹೊರಟು ನಿಂತ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೆ ಇನ್ನೊಬ್ಬನನ್ನು ಕೂರಿಸಿಕೊಳ್ಳಲು ಹೆಚ್ಚಿಗೆ ಆಗುವ ಖರ್ಚು ಎಷ್ಟು? ಇಲ್ಲವೆಂದರೂ ಆದೀತು. ಇದಕ್ಕೆ ಅರ್ಥಶಾಸ್ತ್ರದಲ್ಲಿ ಸೀಮಾಂತ ವೆಚ್ಚವೆಂದು ಹೆಸರು. ದರ ಇಳಿಸುವ ಸ್ವಾತಂತ್ರ್ಯ ಕೊಟ್ಟರೆ ಸೀಟು ತುಂಬುತ್ತದೆ, ಬಡವನೂ ಹಾರುತ್ತಾನೆ ಎಂದು ಅವರು ವಾದಿಸಿದರು. 1978ರ ಅಕ್ಟೋಬರಿನಲ್ಲಿ ಕಾನೂನು ಬದಲಾಯಿತು. 1984ರ ಕೊನೆಗೆ ಮಂಡಳಿಯೇ ಮುಚ್ಚಿಹೋಯಿತು. ಸುರಕ್ಷತೆಯ ಕಟ್ಟುಪಾಡು ಮಾತ್ರ ಬೇರೆ ಇಲಾಖೆಯ ಕೈಯಲ್ಲಿ ಹಾಗೆಯೇ ಉಳಿಯಿತು. ಎರಡನ್ನೂ ಒಂದೇ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಮಂಡಳಿಗೆ ಹೋದ ಹೊಸದರಲ್ಲೇ ಅವರು ಸಿಬ್ಬಂದಿಗೆ ಒಂದು ಸುತ್ತೋಲೆ ಕಳಿಸಿದರು. ವಕೀಲರ ಭಾಷೆ ಬೇಡ, ಜನ ಆಡುವ ಹಾಗೆ ಬರೆಯಿರಿ ಎಂಬುದು ಅದರ ಸಾರ. ನಮ್ಮ ಕಚೇರಿಗಳ 'ಸದರಿ', 'ಮೇಲ್ಕಾಣಿಸಿದ'ಗಳಂಥ ಇಂಗ್ಲಿಷ್ ಪದಗಳಿಗೆ ಅಲ್ಲಿ ಚೆನ್ನಾಗಿ ಏಟು ಬಿದ್ದಿತ್ತು. ಪರೀಕ್ಷೆಯ ಉತ್ತರ ಬರೆಯುವವರಿಗೂ ಆ ಸುತ್ತೋಲೆ ಉಪಯೋಗಕ್ಕೆ ಬಂದೀತು.

ಮುಂದೆ ಹಣದುಬ್ಬರದ ಸಲಹೆಗಾರರಾದಾಗ ಆರ್ಥಿಕ ಕುಸಿತ ಬರಬಹುದೆಂದು ಬಾಯಿಬಿಟ್ಟು ಹೇಳಿ ಸರ್ಕಾರದಿಂದ ಬೈಸಿಕೊಂಡರು. ಅಂದಿನಿಂದ ಆ ಪದದ ಬದಲು 'ಬಾಳೆಹಣ್ಣು' ಎನ್ನತೊಡಗಿದರು! ಬಾಳೆಹಣ್ಣಿನ ಕಂಪನಿಯೊಂದು ಆಕ್ಷೇಪಿಸಿದಾಗ, ಕಿತ್ತಳೆಯ ಜಾತಿಯ ಕುಂಕ್ವಾಟ್ ಎಂಬ ಪುಟ್ಟ ಹಣ್ಣಿನ ಹೆಸರು ಹಿಡಿದರು.

ಅವರ ಪ್ರಯೋಗ ಪೂರ್ತಿ ಫಲಿಸಿತೇ? ದರ ಇಳಿಯಿತು, ಪ್ರಯಾಣಿಕರು ಹೆಚ್ಚಿದರು. ಆದರೆ ಸಂಸ್ಥೆಗಳು ಒಂದನ್ನೊಂದು ನುಂಗಿ ಬೆಳೆದವು, ನಿಲ್ದಾಣಗಳು ಕಿಕ್ಕಿರಿದವು, ಕೆಲವೆಡೆ ಒಂದೇ ಸಂಸ್ಥೆಯ ದರ್ಬಾರು ನಡೆಯಿತು. ಇದನ್ನು ಎದುರಾಳಿಗಳು ಎತ್ತಿ ಆಡಿದ್ದು ಸಹಜ. ನಿವೃತ್ತಿಗೆ ಒಂದು ವರ್ಷ ಮೊದಲು, 1988ರಲ್ಲಿ, ಕಾನ್ ಅವರೇ ಒಂದು ಪ್ರಬಂಧ ಪ್ರಕಟಿಸಿ, ತಮ್ಮ ನಿರೀಕ್ಷೆ ಮೀರಿ ನಡೆದದ್ದನ್ನು ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರಿನಲ್ಲೇ 'ಅಚ್ಚರಿಗಳು' ಎಂಬ ಪದವಿತ್ತು.