ಗೋಡೆಯ ಕಿವಿಗೆ ಲೆಕ್ಕ ಕೇಳುವವರಾರು?

ಪ್ರಜೆಯ ಮಾತನ್ನು ಕದ್ದಾಲಿಸುವ ಚಾಳಿಯು ಪರರಾಜ್ಯದೊಡನೆಯೇ ಅಳಿಯಿತೆಂದು ನಂಬಿದವರು 1988ನ್ನು ನೆನೆಯಲಿ. ದೂರವಾಣಿ ಕದ್ದಾಲಿಕೆಯ ಅಪವಾದ ಹೊತ್ತು ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಆ ವರ್ಷ ಪದತ್ಯಾಗ ಮಾಡಬೇಕಾಯಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆಜ್ಞೆ ಬೇಕೆಂದೂ, ಆ ಆಜ್ಞೆಯನ್ನು ಸಮಿತಿಯೊಂದು ಪರಿಶೀಲಿಸಬೇಕೆಂದೂ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಒಳ್ಳೆಯದೇ. ಆದರೆ ಆಜ್ಞಾಪಿಸುವವರೂ ಸರಕಾರದ ಕಾರ್ಯದರ್ಶಿಗಳು, ಪರಿಶೀಲಿಸುವವರೂ ಸರಕಾರದ ಕಾರ್ಯದರ್ಶಿಗಳೇ! ಬೇಲಿಯ ತಪ್ಪನ್ನು ಬೇಲಿಯೇ ವಿಚಾರಿಸಿದರೆ ಹೊಲದ ಗತಿಯೇನು?

ದೇಶರಕ್ಷಣೆಗೆ ಗುಪ್ತಚಾರರು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಯಾರ ಮಾತಿಗೆ ಕಿವಿಗೊಟ್ಟಿರುವಿರೆಂದೂ ಕೇಳುವುದಿಲ್ಲ. ವರ್ಷಕ್ಕೆ ಎಷ್ಟು ಆಜ್ಞೆಗಳು ಹೊರಟವು, ಅವುಗಳಲ್ಲಿ ಎಷ್ಟು ರದ್ದಾದವು ಎಂಬಿಷ್ಟು ಲೆಕ್ಕವನ್ನು ಶಾಸನಸಭೆಯ ಮುಂದಿಟ್ಟರೆ ಯಾವ ವೈರಿಗೆ ಲಾಭ? 1885ರ ತಂತಿ ಕಾಯಿದೆಯನ್ನು ನಮ್ಮ ಮೇಲೆ ಹೇರಿದ ಬ್ರಿಟನ್ನೇ ತನ್ನ 2016ರ ಕಾಯಿದೆಯಿಂದ ಇಂಥ ಆಜ್ಞೆಗಳನ್ನು ನ್ಯಾಯಾಧಿಕಾರಿಗಳ ಒಪ್ಪಿಗೆಗೆ ಒಳಪಡಿಸಿ, ವರ್ಷವರ್ಷವೂ ವರದಿಯನ್ನು ಪ್ರಕಟಿಸುತ್ತಿದೆಯಲ್ಲ!

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಕಾಗದದ ಮೇಲೆ ಉಳಿದರೆ ಸಾಲದು. ಪ್ರಜೆಯನ್ನು ನಂಬದ ಸರಕಾರವನ್ನು ಪ್ರಜೆಯು ಹೇಗೆ ನಂಬಿಯಾನು? ಮಹನೀಯರೇ, ಮತ ಕೇಳಬಂದವರಿಂದ ಈ ಲೆಕ್ಕವನ್ನು ಕೇಳಿರಿ.