ರಸ್ತೆಯಿಲ್ಲದ ಊರಿಗೆ ರಜೆಗೆ ಹೋಗುವ ಮುನ್ನ



ಮೇ ತಿಂಗಳ ಪ್ರವಾಸ ಎಲ್ಲಿಗೆ ಎಂಬ ಚರ್ಚೆ ನಮ್ಮ ಯುವಕೂಟದ ವಾಟ್ಸಾಪ್ ಗ್ರೂಪ್‌ನಲ್ಲಿ ಜೋರಾಗಿದೆ. ಒಬ್ಬರು ಇಟಲಿಯ ಚಿಂಕ್ವೆ ತೆರ್ರೆಯ ರೀಲ್ಸ್ ಹಾಕಿ, ಮೆಡಿಟರೇನಿಯನ್ ಸಮುದ್ರದ ಪಕ್ಕದ ಇಂಥ ಬೆಟ್ಟದೂರಲ್ಲಿ ನಾಲ್ಕು ದಿನ ಸುಮ್ಮನೆ ಕೂತಿರಬೇಕು ಎಂದರು. ನಮ್ಮ ಕೂಟದ ಖಜಾನೆ ನೋಡಿದರೆ ಅದು ಆಗುವ ಮಾತಲ್ಲ. ಆಗ ಇನ್ನೊಬ್ಬರು ಹೇಳಿದ ಹೆಸರು ವೆಳ್ಳಗವಿ. ದಿಂಡಿಗಲ್ ಜಿಲ್ಲೆಯ ಊರು. ಮೇಲೆ ಕೊಡೈಕನಾಲ್ ಪಕ್ಕದ ವಟ್ಟಕನಾಲ್, ಕೆಳಗೆ ತೇನಿ ಜಿಲ್ಲೆಯ ಪೆರಿಯಕುಳಂ, ನಡುವಿನ ಇಳಿಜಾರಿನಲ್ಲಿದೆ. ಹೋಗಬೇಕು ಎನ್ನುವುದೇ ನನ್ನ ಮತ. ಹೇಗೆ ಹೋಗಬೇಕು ಎನ್ನುವುದರಲ್ಲಿ ಮಾತ್ರ ನನ್ನ ತಕರಾರಿದೆ.

"ಅಲ್ಲಿಗೆ ರೋಡೇ ಇಲ್ಲ, ಅದಕ್ಕೇ ಅಷ್ಟು ಚೆನ್ನಾಗಿದೆ. ರೋಡ್ ಬರೋದೇ ಬೇಡ" ಎಂದು ಗ್ರೂಪ್‌ನಲ್ಲಿ ಒಬ್ಬರು ಬರೆದರು. ಇದು ನನ್ನನ್ನು ಬಹಳ ಕಾಡಿತು. ತಲೆಮಾರುಗಳಿಂದ ಆ ಊರಿನವರು ಕಾಲುದಾರಿಯಲ್ಲೇ ಓಡಾಡಿದ್ದಾರೆ. ಬೆಳೆದ ಕಾಫಿ ಕುದುರೆ ಬೆನ್ನ ಮೇಲೆ ಹೋಗಬೇಕು, ಅಕ್ಕಿ ಬೇಳೆ ಹಾಗೆಯೇ ಬರಬೇಕು. ಕಾಯಿಲೆಯಾದವರನ್ನೂ ಹೆರಿಗೆ ನೋವು ಬಂದವರನ್ನೂ ಡೋಲಿ ಕಟ್ಟಿ ಹೊತ್ತುಕೊಂಡು ಗಂಟೆಗಟ್ಟಲೆ ಬೆಟ್ಟ ಹತ್ತಬೇಕು, ಇಲ್ಲವೇ ಇಳಿಯಬೇಕು. ರಸ್ತೆ ಕೊಡಿ ಎಂದು ಅವರು ಕೇಳುತ್ತಲೇ ಬಂದಿದ್ದಾರೆ. ಎರಡು ದಿನ ಇದ್ದು ಫೋಟೋ ತೆಗೆದು ಬರುವ ನಾವು ರಸ್ತೆ ಬೇಡ ಅನ್ನಲು ಯಾರು? ನಮ್ಮ ಮನೆಯ ಅಜ್ಜಿಗೆ ರಾತ್ರಿ ಎದೆನೋವು ಬಂದರೆ ಆಂಬುಲೆನ್ಸ್ ಹತ್ತು ನಿಮಿಷ ತಡವಾದರೂ ಕೂಗಾಡುತ್ತೇವೆ.

ಕೊಡೈಕನಾಲ್ ಕೂಡ ಒಂದು ಕಾಲದಲ್ಲಿ ಹೀಗೇ ಇತ್ತು. ಮದುರೆಯ ಸೆಕೆ, ಕಾಯಿಲೆ ತಾಳಲಾರದೆ ಅಮೆರಿಕನ್ ಮಿಷನರಿಗಳು 1845ರಲ್ಲಿ ಅಲ್ಲಿ ಮನೆ ಕಟ್ಟಿಕೊಂಡರು. (ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಂಪು, ಕೊಡೈ ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ಬಿಎಸ್ಸಿ ಓದಿದವಳ ಚಾಳಿ, ಕ್ಷಮಿಸಿ.) ಯೇಸುಸಭೆಯವರ ಶೆಂಬಗನೂರು ಸೇಕ್ರೆಡ್ ಹಾರ್ಟ್ ಕಾಲೇಜು 1895ರದ್ದು. ಮೋಟಾರು ರಸ್ತೆ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, 20ನೇ ಶತಮಾನದ ಎರಡನೇ ದಶಕದಲ್ಲಿ. ಅಲ್ಲಿಯವರೆಗೆ ಮೇಲೇರಿದವರಲ್ಲಿ ಎಷ್ಟೋ ಜನ ಕೂಲಿಗಳು ಹೊತ್ತ ಕುರ್ಚಿಯಲ್ಲೇ ಕೂತು ಹೋದವರು. ಕಟ್ಟಡ ಕಟ್ಟಿಸಿದವರ ಹೆಸರನ್ನು ನಾವು ನಿಂತು ಓದುತ್ತೇವೆ. ಹೊತ್ತವರು ಯಾರು ಎಂದು ಕೇಳುವುದಿಲ್ಲ.

ರಸ್ತೆ ಬಂದರೆ ಕೊಡೈ ತರಹ ಹಾಳಾಗುತ್ತದೆ ಎನ್ನುವ ಭಯ ಸುಳ್ಳೇನಲ್ಲ. ವಾಹನ ತಡೆಯಲಾರದೆ ಮದ್ರಾಸ್ ಹೈಕೋರ್ಟ್ 2024ರ ಮೇ 7ರಿಂದ ಇ-ಪಾಸ್ ತಂದಿತು. 2025ರ ಬೇಸಿಗೆಗೆ ವಾರದ ದಿನ 4,000, ವಾರಾಂತ್ಯದಲ್ಲಿ 6,000 ವಾಹನ ಎಂದು ಮಿತಿಯನ್ನೂ ಹಾಕಿತು. ಆದರೆ ಆ ವಾಹನಗಳು ಯಾರವು? ನಮ್ಮಂಥವರವೇ. ಕಡಿಮೆ ಮಾಡಬೇಕಾದದ್ದು ನಮ್ಮ ಗದ್ದಲವನ್ನು. ಊರಿನವರ ಆಂಬುಲೆನ್ಸನ್ನು ಏಕೆ ತಡೆಯಬೇಕು?

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ತೆಗೆದು ನೋಡಿ. ದಣಿದ ಶಿಷ್ಯರನ್ನು ಯೇಸುಸ್ವಾಮಿ ವಿಶ್ರಾಂತಿಗೆ ನಿರ್ಜನ ಸ್ಥಳಕ್ಕೆ ಕರೆದೊಯ್ಯುತ್ತಾರೆ. ದೋಣಿ ದಡ ಸೇರುವಷ್ಟರಲ್ಲಿ ಅಲ್ಲಿ ಜನ ಸೇರಿಬಿಟ್ಟಿದ್ದಾರೆ. ನನ್ನ ರಜೆ ಕೆಟ್ಟಿತು ಎಂದು ಅವರು ಗೊಣಗಲಿಲ್ಲ, ಆ ಜನರ ಹಸಿವನ್ನು ಕಂಡರು.

ಈಗ ನನ್ನ ಸಲಹೆ. ಮೇ ತಿಂಗಳು ಬೇಡ, ಸಂಕ್ರಾಂತಿ ರಜೆಗೆ ಹೋಗೋಣ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು 20ಕ್ಕೂ ಹೆಚ್ಚು ಮಂದಿ ಸತ್ತರು, ನಮ್ಮ ವಯಸ್ಸಿನವರೇ ಬಹಳ. ಒಣಹುಲ್ಲಿನ ಕಾಲದಲ್ಲಿ ಆ ಬೆಟ್ಟ ಹತ್ತುವುದಕ್ಕೆ ನಾನಂತೂ ಯಾರ ಅಪ್ಪ ಅಮ್ಮನ ಹತ್ತಿರವೂ ಒಪ್ಪಿಗೆ ಕೇಳುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಲಿ. ಹನ್ನೆರಡು ಜನ ಸಾಕು. ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಾಪಿಲಿಯರ್ ಕುಟುಂಬಗಳಿವೆ, ಆದರೆ ವೆಳ್ಳಗವಿಯಲ್ಲಿ ತಮಿಳು ಬೇಕು. ಹಾಗಾಗಿ ನಮ್ಮ ಧರ್ಮಕೇಂದ್ರದ ತಮಿಳು ಬಲ್ಲ ಅಕ್ಕ, ಅಣ್ಣ ಯಾರಾದರೂ ಜೊತೆಗಿರಲಿ.

ಇನ್ನೊಂದು ವಿಷಯ. ಆ ಊರೊಳಗೆ ಯಾರೂ ಚಪ್ಪಲಿ ಹಾಕುವುದಿಲ್ಲ, ಮನೆಗಳ ನಡುವೆಯೇ ಗುಡಿಗಳಿವೆ. ನಾವೂ ಊರ ಹೊರಗೇ ಶೂ ಬಿಚ್ಚೋಣ. ಅವರ ದೇವರು ಬೇರೆ ಎಂದು ವಾದ ಮಾಡುವವರು ದಯವಿಟ್ಟು ಮನೆಯಲ್ಲೇ ಇರಿ. ಸ್ಪೀಕರ್ ಬೇಡ. ಊಟ ಅಲ್ಲಿಯವರಿಂದಲೇ, ಕೇಳಿದಷ್ಟು ಹಣಕ್ಕೆ, ಚೌಕಾಸಿ ಇಲ್ಲದೆ. ಕಾಫಿಪುಡಿಯನ್ನೂ ಅಲ್ಲೇ ಕೊಳ್ಳೋಣ, ಹೊತ್ತು ತರುವವರು ನಾವೇ.

ಬರುವವರು ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಹೆಸರು ಕೊಡಿ. ಹನ್ನೆರಡಕ್ಕಿಂತ ಹೆಚ್ಚಾದರೆ ಚೀಟಿ ಎತ್ತುತ್ತೇವೆ, ಫಾದರ್ ಹೆಸರೂ ಆ ಚೀಟಿಯಲ್ಲೇ.